ಮೊದಲ ಪಂದ್ಯಕ್ಕೆ ಮುಂಚೆ ಡಿಫೆನ್ಸ್ ಓದಿಕೊಳ್ಳುವ ಬಗೆ: ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರಿಗೆ

ಆಗಸ್ಟ್ ಕೊನೆಗೆ ಅಮೆರಿಕದ ಯೂನಿವರ್ಸಿಟಿ ಊರುಗಳಲ್ಲಿ ಎಲ್ಲಿ ಹೋದರೂ ಕ್ವಾರ್ಟರ್‌ಬ್ಯಾಕ್‌ನದೇ, ಅಂದರೆ ಚೆಂಡು ಎಸೆದು ಆಟ ನಡೆಸುವವನದೇ, ಮಾತು. ಓದಲು ಹೋದ ನಮ್ಮ ಹುಡುಗ ಹುಡುಗಿಯರೂ ಸ್ಟೂಡೆಂಟ್ ಟಿಕೆಟ್ ಹಿಡಿದು ಸ್ಟೇಡಿಯಂಗೆ ಹೋಗುತ್ತಾರೆ, ಮೂರೂವರೆ ತಾಸು ಚೆಂಡಿನ ಹಿಂದೆಯೇ ಕಣ್ಣು ಓಡಿಸುತ್ತಾರೆ, ವಾಪಸ್ ಬರುವಾಗ ಸ್ಕೋರ್ ಬಿಟ್ಟರೆ ಹೆಚ್ಚೇನೂ ನೆನಪಿರುವುದಿಲ್ಲ. ಡಿಫೆನ್ಸ್ ಕಡೆಯಿಂದ ನೋಡಲು ಶುರುಮಾಡಿದರೆ ಅದೇ ಆಟ ಪೂರ್ತಿ ಬೇರೆಯಾಗಿ ಕಾಣುತ್ತದೆ. ಅದಕ್ಕೆ ಪಂದ್ಯದ ವಾರ ಎರಡು ಸಂಜೆ ಬಿಡುವು, ಒಂದು ಹಾಳೆ, ಒಂದು ಪೆನ್ಸಿಲ್ ಸಾಕು. ಹತ್ತು ಗಜ ದಾಟಲು ನಾಲ್ಕು ಡೌನ್ ಎಂಬಷ್ಟು ಗೊತ್ತಿರುವವರಿಗಾಗಿ ಇದನ್ನು ಬರೆದಿದ್ದೇವೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಸೀಸನ್‌ನ ಮೊದಲ ಪಂದ್ಯದಲ್ಲಿ ಡಿಫೆನ್ಸ್ ಕೆಡುವುದಕ್ಕೆ ತಂತ್ರದ ಕೊರತೆ ಕಾರಣವಾಗುವುದು ಅಪರೂಪ. ಹತ್ತು ಜನ ಒಂದು ಕರೆ (ಮುಂದಿನ ಆಟಕ್ಕೆ ಕೋಚ್ ಕೊಡುವ ಸೂಚನೆ) ಆಡುತ್ತಿರುತ್ತಾರೆ, ಹನ್ನೊಂದನೆಯವನಿಗೆ ಬೇರೆ ಕರೆ ಕೇಳಿಸಿರುತ್ತದೆ. ಅಲ್ಲಿಂದಲೇ 60 ಗಜದ ಟಚ್‌ಡೌನ್ ಹುಟ್ಟುತ್ತದೆ. ಹಾಗಾಗಿ ಕೆಳಗಿನ ಎಲ್ಲ ತಯಾರಿಯೂ ಒಂದೇ ಪ್ರಶ್ನೆಗಾಗಿ: ಈ ಹನ್ನೊಂದು ಮಂದಿ ಒಂದೇ ಮಾತಿನಲ್ಲಿ ಇದ್ದಾರೆಯೇ?

ಹೆಜ್ಜೆ 1: ಡೆಪ್ತ್ ಚಾರ್ಟ್ ಮೇಲೆ ಪೆನ್ಸಿಲ್ ಓಡಿಸಿ

ಹೆಚ್ಚಿನ ತಂಡಗಳು ಪಂದ್ಯದ ವಾರದ ಆರಂಭದಲ್ಲಿ ಗೇಮ್ ನೋಟ್ಸ್ ಎಂಬ ಪಿಡಿಎಫ್ ಹೊರಡಿಸುತ್ತವೆ. ತಂಡದ ವೆಬ್‌ಸೈಟಿನ ಫುಟ್‌ಬಾಲ್ ಪುಟದಲ್ಲೇ ಅದು ಸಿಗುತ್ತದೆ, ಯಾವ ಜಾಗಕ್ಕೆ ಯಾರು ಮೊದಲು, ಯಾರು ಬದಲಿ ಎಂಬ ಪಟ್ಟಿ, ಅಂದರೆ ಡೆಪ್ತ್ ಚಾರ್ಟ್, ಅದರೊಳಗೆ ಇರುತ್ತದೆ. ಕೆಲವು ಕೋಚ್‌ಗಳು ಈಗ ಚಾರ್ಟ್ ಕೊಡುವುದನ್ನೇ ನಿಲ್ಲಿಸಿದ್ದಾರೆ. ಅಂಥ ಕಡೆ ರೋಸ್ಟರ್ ತೆಗೆದುಕೊಂಡು, ಹಿಂದಿನ ಸೀಸನ್‌ನ ಕೊನೆಯ ಪಂದ್ಯದಲ್ಲಿ ಯಾರು ಆಡಿದ್ದರು ಎಂದು ನೋಡಿ, ನೀವೇ ಪಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಬೇರೆ ಕಾಲೇಜಿನಿಂದ ಟ್ರಾನ್ಸ್‌ಫರ್ ಆಗಿ ಬಂದವರ ಹೆಸರಿನ ಕೆಳಗೆ ಗೆರೆ ಎಳೆಯಿರಿ. ಆಟ ಚೆನ್ನಾಗಿ ಬಲ್ಲ ಹುಡುಗನೇ ಆಗಿರಬಹುದು. ಆದರೆ ಈ ತಂಡದ ಸನ್ನೆಗಳು, ಈ ಕೋಚ್ ಬಳಸುವ ಪದಗಳು ಅವನಿಗೆ ಎಂಟು ತಿಂಗಳ ಹಿಂದೆ ಗೊತ್ತಿರಲಿಲ್ಲ.

ಆಮೇಲೆ ಚಾರ್ಟಿನಲ್ಲಿ ಎರಡು ಹೆಸರುಗಳ ಮಧ್ಯೆ 'ಆರ್', ಅಂದರೆ 'ಅಥವಾ', ಎಂದು ಎಲ್ಲೆಲ್ಲಿದೆ ನೋಡಿ. ಡಿಫೆನ್ಸಿವ್ ಲೈನ್‌ನಲ್ಲಿ, ಅಂದರೆ ಡಿಫೆನ್ಸ್‌ನ ಮುಂದಿನ ಸಾಲಿನಲ್ಲಿ, ಅದು ಕಂಡರೆ ಯೋಚನೆ ಬೇಡ. ಒಂದು ಪಂದ್ಯಕ್ಕೆ ಡಿಫೆನ್ಸ್ ಸುಮಾರು 60ರಿಂದ 70 ಸ್ನ್ಯಾಪ್ (ಚೆಂಡನ್ನು ಹಿಂದಕ್ಕೆ ಕೊಟ್ಟು ಶುರುಮಾಡುವ ಒಂದೊಂದು ಆಟ) ಆಡುತ್ತದೆ, 130-140 ಕೆಜಿ ತೂಕದ ಆಟಗಾರ ಅಷ್ಟನ್ನೂ ಒಬ್ಬನೇ ಎಳೆಯಲಾರ. ನಾಲ್ಕು ಜಾಗಕ್ಕೆ ಎಂಟು ಮಂದಿಯನ್ನು ತಿರುಗಿಸುವುದು ಒಳ್ಳೆಯ ತಂಡದ ಲಕ್ಷಣ. ಅದೇ 'ಅಥವಾ' ಮೈಕ್ ಲೈನ್‌ಬ್ಯಾಕರ್ (ಲೈನ್‌ನ ಹಿಂದೆ, ನಡುವೆ ನಿಲ್ಲುವವನು) ಮುಂದೆ ಅಥವಾ ಸೇಫ್ಟಿ (ಎಲ್ಲರಿಗಿಂತ ಹಿಂದೆ, ಆಳ ಕಾಯುವವನು) ಮುಂದೆ ಇದ್ದರೆ ಅಲ್ಲಿ ಗುಂಡು ಸುತ್ತಿ. ಕರೆಯನ್ನು ಉಳಿದವರಿಗೆ ದಾಟಿಸುವವರೇ ಅವರು. ಅಲ್ಲಿ ಆಯ್ಕೆ ಇನ್ನೂ ಗಟ್ಟಿಯಾಗಿಲ್ಲ ಎಂದರೆ ಪಂದ್ಯದ ದಿನ ಗಲಿಬಿಲಿ ಅಲ್ಲಿಂದಲೇ ಶುರುವಾಗಬಹುದು.

ಮೂರನೆಯದು, ಚಾರ್ಟಿನಲ್ಲಿರುವ ಹನ್ನೊಂದನ್ನು ಹಾಗೇ ನಂಬಬೇಡಿ. ಎಷ್ಟೋ ತಂಡಗಳು ಈಗಲೂ ಹಳೆಯ ಪದ್ಧತಿಯಂತೆ 4-3 ಅಥವಾ 3-4 (ಲೈನ್‌ಮನ್‌ಗಳು, ಲೈನ್‌ಬ್ಯಾಕರ್‌ಗಳು ಎಷ್ಟು ಎಂಬ ಲೆಕ್ಕ) ಎಂದು ಬರೆದು ಮೂರು-ನಾಲ್ಕು ಲೈನ್‌ಬ್ಯಾಕರ್‌ಗಳ ಹೆಸರು ಕೊಡುತ್ತವೆ. ಎದುರಾಳಿ ಮೂರು ವೈಡ್ ರಿಸೀವರ್‌ಗಳನ್ನು (ಅಂಚಿನಲ್ಲಿ ನಿಂತು ಪಾಸ್ ಹಿಡಿಯುವವರು) ಇಳಿಸಿದ ಕೂಡಲೇ ಆ ಲೈನ್‌ಬ್ಯಾಕರ್‌ಗಳಲ್ಲಿ ಒಬ್ಬ ಹೊರಗೆ ಹೋಗಿ ಐದನೇ ಡಿಫೆನ್ಸಿವ್ ಬ್ಯಾಕ್ (ಪಾಸ್ ಕಾಯುವ ಹಿಂದಿನ ಸಾಲಿನವನು) ಒಳಗೆ ಬರುತ್ತಾನೆ. ಅವನನ್ನು ನಿಕಲ್ ಎನ್ನುತ್ತಾರೆ, ಕೆಲವು ತಂಡಗಳಲ್ಲಿ ಸ್ಟಾರ್ ಎಂಬ ಹೆಸರು. ಮೂರು ರಿಸೀವರ್ ಇಳಿಸುವುದೇ ಇಂದಿನ ಕಾಲೇಜ್ ಆಟದ ರೂಢಿ. ಹಾಗಾಗಿ ನಿಮ್ಮ ಹಾಳೆಯಲ್ಲಿ ಹೀಗೆ ಹೊರಹೋಗುವ ಸ್ಯಾಮ್ ಲೈನ್‌ಬ್ಯಾಕರ್ ಹೆಸರನ್ನು ಆವರಣಕ್ಕೆ ತಳ್ಳಿ, ನಿಕಲ್ ಹೆಸರನ್ನು ಹನ್ನೊಂದರೊಳಗೆ ಬರೆಯಿರಿ. ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿ (ಟಿಸಿಯು) ತಂಡದ ಕೋಚ್ ಆಗಿದ್ದ ಗ್ಯಾರಿ ಪ್ಯಾಟರ್ಸನ್ 4-2-5 ಅನ್ನೇ ಮೂಲ ರಚನೆಯಾಗಿ ಆಡಿಸಿ ಹೆಸರಾದವರು. ಇಂದು ಬಹಳಷ್ಟು ತಂಡಗಳು, ಚಾರ್ಟಿನಲ್ಲಿ ಏನೇ ಬರೆದಿರಲಿ, ಮೈದಾನದಲ್ಲಿ ಆಡುವುದು ಐದು ಡಿಫೆನ್ಸಿವ್ ಬ್ಯಾಕ್‌ಗಳ ಆಟವನ್ನೇ.

ಜರ್ಸಿ ಸಂಖ್ಯೆಯಲ್ಲೂ ಒಂದು ಎಚ್ಚರ ಬೇಕು. ಕಾಲೇಜಿನಲ್ಲಿ ಒಂದೇ ತಂಡದ ಇಬ್ಬರಿಗೆ ಒಂದೇ ಸಂಖ್ಯೆ ಇರಬಹುದು. ಒಂದೇ ಡೌನ್‌ನಲ್ಲಿ ಇಬ್ಬರೂ ಮೈದಾನದಲ್ಲಿ ಇರಕೂಡದು, ಅಷ್ಟೇ. ಹಾಳೆಯಲ್ಲಿ ಸಂಖ್ಯೆಯ ಜೊತೆ ಹೆಸರು, ಜಾಗ ಎರಡನ್ನೂ ಬರೆಯದಿದ್ದರೆ ರಿಸೀವರ್ ಒಬ್ಬನನ್ನು ಕಾರ್ನರ್ (ಅಂಚಿನ ರಿಸೀವರ್‌ನನ್ನು ಕಾಯುವ ಡಿಫೆನ್ಸಿವ್ ಬ್ಯಾಕ್) ಎಂದುಕೊಂಡು ಅರ್ಧ ಪಂದ್ಯ ಕಳೆದುಬಿಡುತ್ತೀರಿ.

ಹೆಜ್ಜೆ 2: ಮುಂದಿನ ಸಾಲಿನ ಸಂದುಗಳು

ಹಾಳೆಯ ಮಧ್ಯದಲ್ಲಿ ಎದುರಾಳಿಯ ಮುಂದಿನ ಸಾಲಿಗೆ ಐದು ಚೌಕ ಬರೆಯಿರಿ. ನಡುವೆ ಸೆಂಟರ್, ಅವನ ಎರಡು ಪಕ್ಕ ಗಾರ್ಡ್‌ಗಳು, ಅವರಾಚೆ ಟ್ಯಾಕಲ್‌ಗಳು. ಒಂದು ಬದಿಗೆ ಆರನೆಯ ಚೌಕವಾಗಿ ಟೈಟ್ ಎಂಡ್, ಅಂದರೆ ಬ್ಲಾಕ್ ಮಾಡುವುದನ್ನೂ ಪಾಸ್ ಹಿಡಿಯುವುದನ್ನೂ ಮಾಡುವವನು. ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದು ಎ ಗ್ಯಾಪ್, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ, ಟ್ಯಾಕಲ್‌ನ ಹೊರಗಿನದು ಸಿ, ಟೈಟ್ ಎಂಡ್‌ನ ಹೊರಗಿನದು ಡಿ. ಎಡಕ್ಕೂ ಬಲಕ್ಕೂ ಇದೇ ಲೆಕ್ಕ. ಓಟದ ಆಟ ಎಂದರೆ ಕೊನೆಗೆ ಇಷ್ಟೇ: ಪ್ರತಿ ಸಂದಿಗೂ ಒಬ್ಬ ಕಾವಲುಗಾರ ಇದ್ದಾನೆಯೇ, ಇಲ್ಲವೇ.

ಡಿಫೆನ್ಸಿವ್ ಲೈನ್‌ಮನ್ ನಿಲ್ಲುವ ಜಾಗಕ್ಕೆ ಟೆಕ್ನಿಕ್ ಸಂಖ್ಯೆಗಳಿವೆ. ಸೆಂಟರ್‌ನ ಮೂಗಿನ ನೇರಕ್ಕೆ ನಿಂತರೆ 0, ಅವನ ಒಂದು ಭುಜಕ್ಕೆ ಸರಿದರೆ 1. ಗಾರ್ಡ್‌ನ ಒಳಭುಜಕ್ಕೆ 2ಐ, ಹೊರಭುಜಕ್ಕೆ 3. ಟ್ಯಾಕಲ್‌ನ ಒಳಭುಜಕ್ಕೆ 4ಐ, ಹೊರಭುಜಕ್ಕೆ 5. ಟೈಟ್ ಎಂಡ್‌ನ ಹೊರಗೆ 9. ಇಷ್ಟು ಸಾಕು. ನಾಲ್ವರ ಸಾಲಿನ ಸಾಮಾನ್ಯ ರೂಪದಲ್ಲಿ ಒಂದು ಕಡೆ 3-ಟೆಕ್ನಿಕ್, ಇನ್ನೊಂದು ಕಡೆ 1-ಟೆಕ್ನಿಕ್, ಎರಡೂ ತುದಿಯಲ್ಲಿ ಎಂಡ್‌ಗಳು. ಚಿತ್ರ ಬರೆದು ನೋಡಿದರೆ ಎರಡು ಸಂದು ಖಾಲಿ ಉಳಿಯುತ್ತವೆ: 3-ಟೆಕ್ನಿಕ್ ಇರುವ ಕಡೆಯ ಎ ಮತ್ತು ಅದರ ಎದುರು ಬದಿಯ ಬಿ. ಮೈಕ್ ಮತ್ತು ವಿಲ್ ಎಂಬ ಇಬ್ಬರು ಲೈನ್‌ಬ್ಯಾಕರ್‌ಗಳ ಕೆಲಸವೇ ಆ ಎರಡನ್ನು ತುಂಬುವುದು. ಒಬ್ಬ ಲೈನ್‌ಬ್ಯಾಕರ್ ಅರ್ಧ ಹೆಜ್ಜೆ ತಪ್ಪು ದಿಕ್ಕಿಗೆ ಇಟ್ಟರೆ ಬಾಗಿಲು ತೆರೆದಂತೆ.

ಆ ಬಿ ಗ್ಯಾಪ್ ತಲೆನೋವು ತಪ್ಪಿಸಲು ಹುಟ್ಟಿದ್ದು ಟೈಟ್ ಫ್ರಂಟ್. ಮೂವರೇ ಲೈನ್‌ಮನ್‌ಗಳು, 4ಐ-0-4ಐ ಆಗಿ ನಿಲ್ಲುತ್ತಾರೆ. ಎರಡೂ ಬಿ ಗ್ಯಾಪ್ ಮುಚ್ಚಿಹೋಗುತ್ತವೆ, ಚೆಂಡು ಹೊರಗೆ ಹರಿಯಲೇಬೇಕು, ಅಲ್ಲಿ ವೇಗದ ಡಿಫೆನ್ಸಿವ್ ಬ್ಯಾಕ್‌ಗಳು ಕಾದಿರುತ್ತಾರೆ. ಇದು ನಡೆಯಬೇಕಾದರೆ ನಡುವಿನವನು ಇಬ್ಬರು ಬ್ಲಾಕರ್‌ಗಳನ್ನು ಒಬ್ಬನೇ ಹಿಡಿದಿಡಬೇಕು. 2021ರಲ್ಲಿ ಜಾರ್ಜಿಯಾ ತಂಡದಲ್ಲಿ ಸಾಲಿನ ನಡುವೆ ನಿಲ್ಲುತ್ತಿದ್ದ ಜೋರ್ಡನ್ ಡೇವಿಸ್ 340 ಪೌಂಡ್, ಅಂದರೆ ಸುಮಾರು 154 ಕೆಜಿ. ಆ ವರ್ಷ ಸೆಪ್ಟೆಂಬರ್ 4ರಂದು ಶಾರ್ಲೆಟ್‌ನಲ್ಲಿ ನಡೆದ ಮೊದಲ ಪಂದ್ಯದಲ್ಲಿ ಜಾರ್ಜಿಯಾ ಕ್ಲೆಮ್ಸನ್ ತಂಡವನ್ನು 10-3ರಿಂದ ಸೋಲಿಸಿತು. ಕ್ಲೆಮ್ಸನ್‌ನ ಓಟದ ಒಟ್ಟು ಗಳಿಕೆ 2 ಗಜ. ಪಂದ್ಯದ ಏಕೈಕ ಟಚ್‌ಡೌನ್ ಹೊಡೆದದ್ದೂ ಜಾರ್ಜಿಯಾದ ಡಿಫೆನ್ಸೇ: ಸೇಫ್ಟಿ ಕ್ರಿಸ್ಟೋಫರ್ ಸ್ಮಿತ್ ಪಾಸ್ ಕಿತ್ತುಕೊಂಡು 74 ಗಜ ಓಡಿದ. ಆ 2 ಗಜದ ಲೆಕ್ಕವನ್ನು ಓದುವಾಗ ಒಂದು ತಿಳಿದಿರಲಿ. ಕಾಲೇಜ್ ಅಂಕಿಅಂಶದಲ್ಲಿ ಸ್ಯಾಕ್‌ನಿಂದ, ಅಂದರೆ ಎಸೆಯುವ ಮೊದಲೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದಾಗ, ಕಳೆದುಕೊಂಡ ಗಜಗಳನ್ನು ಓಟದ ಖಾತೆಯಿಂದಲೇ ಕಳೆಯುತ್ತಾರೆ, ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಪಾಸ್ ಖಾತೆಯಿಂದ. ಅಂದು ಜಾರ್ಜಿಯಾ ಏಳು ಸ್ಯಾಕ್ ಮಾಡಿತ್ತು. ಹಾಗಾಗಿ ಓಟದ ಅಂಕಿ ಕಂಡಾಗಲೆಲ್ಲ ಪಕ್ಕದ ಸ್ಯಾಕ್ ಅಂಕಿಯನ್ನೂ ನೋಡಿ.

ಹೆಜ್ಜೆ 3: ಅಗಲದ ಬದಿ ಯಾವುದು?

ಎನ್‌ಎಫ್‌ಎಲ್ ನೋಡಿ ಅಭ್ಯಾಸವಾದವರು ಇಲ್ಲಿ ಎಡವುತ್ತಾರೆ. ಮೈದಾನದ ಅಗಲ ಎರಡಕ್ಕೂ 160 ಅಡಿ. ಆದರೆ ಕಾಲೇಜಿನಲ್ಲಿ ಎರಡು ಹ್ಯಾಶ್ ಗುರುತುಗಳ (ಆಟ ಶುರುಮಾಡಲು ಚೆಂಡು ಇಡುವ ಜಾಗದ ಮಿತಿಗಳು) ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ ಮಾತ್ರ. ಕಾಲೇಜಿನಲ್ಲಿ ಚೆಂಡು ಒಂದು ಹ್ಯಾಶ್ ಮೇಲೆ ಕೂತಿತು ಎಂದರೆ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ. ಚಿಕ್ಕ ಬದಿಗೆ ಬೌಂಡರಿ, ದೊಡ್ಡ ಬದಿಗೆ ಫೀಲ್ಡ್ ಎನ್ನುತ್ತಾರೆ. ಬಹಳ ತಂಡಗಳು ತಮ್ಮ ಕಾರ್ನರ್‌ಗಳನ್ನು ಎಡ-ಬಲ ಎಂದು ಹಂಚುವ ಬದಲು ಫೀಲ್ಡ್-ಬೌಂಡರಿ ಎಂದು ಹಂಚುವುದು ಇದಕ್ಕೇ. ಬೌಂಡರಿ ಕಡೆ ಮೈಕಟ್ಟು ಗಟ್ಟಿ ಇರುವ, ಓಟ ತಡೆಯಲು ಮುಂದೆ ಬರುವ ಕಾರ್ನರ್. ಫೀಲ್ಡ್ ಕಡೆ ನಿಕಲ್ ಮತ್ತು ವೇಗದವರು. ಚೆಂಡಿನ ಹ್ಯಾಶ್ ಬದಲಾದಾಗಲೆಲ್ಲ ಆಟಗಾರರು ಅತ್ತಿಂದಿತ್ತ ಓಡಾಡುವುದು ಕಾಣಿಸುತ್ತದೆ. ಸ್ನ್ಯಾಪ್ ಬೇಗ ಆಗಿಬಿಟ್ಟರೆ ಆ ಓಡಾಟ ಮುಗಿದೇ ಇರುವುದಿಲ್ಲ.

ಹೆಜ್ಜೆ 4: ಎದುರಾಳಿಯ ತಲೆ ಎಣಿಸಿ

ಅಫೆನ್ಸ್, ಅಂದರೆ ಚೆಂಡು ಹಿಡಿದು ಆಡುವ ತಂಡ, ಯಾರನ್ನು ಇಳಿಸಿದೆ ಎಂಬುದಕ್ಕೆ ಎರಡು ಅಂಕಿಯ ಗುರುತು ಇದೆ. ಮೊದಲ ಅಂಕಿ ರನಿಂಗ್ ಬ್ಯಾಕ್‌ಗಳ, ಅಂದರೆ ಚೆಂಡು ಹಿಡಿದು ಓಡುವವರ, ಸಂಖ್ಯೆ, ಎರಡನೆಯದು ಟೈಟ್ ಎಂಡ್‌ಗಳದ್ದು. ಲೈನ್‌ನ ಐವರು ಮತ್ತು ಕ್ವಾರ್ಟರ್‌ಬ್ಯಾಕ್ ಬಿಟ್ಟ ಐದರಲ್ಲಿ ಉಳಿದವರು ವೈಡ್ ರಿಸೀವರ್‌ಗಳು. 11 ಎಂದರೆ ಒಬ್ಬ ಬ್ಯಾಕ್, ಒಬ್ಬ ಟೈಟ್ ಎಂಡ್, ಮೂವರು ರಿಸೀವರ್. 12 ಎಂದರೆ ಟೈಟ್ ಎಂಡ್‌ಗಳು ಇಬ್ಬರು. 11ಕ್ಕೆ ನಿಕಲ್ ಬರುತ್ತಾನೆ. 12 ಬಂದಾಗ ಏನು ಮಾಡುತ್ತಾರೆ ಎಂಬುದೇ ಆ ಡಿಫೆನ್ಸ್‌ನ ನಿಜವಾದ ಗುಟ್ಟು. ನಿಕಲ್‌ನನ್ನು ಉಳಿಸಿಕೊಂಡರೆ ಅವನು ಎದುರಾಳಿಯನ್ನು ಹಿಡಿದು ಕೆಡವಬಲ್ಲ ಎಂದು ಕೋಚ್‌ಗೆ ನಂಬಿಕೆ ಇದೆ ಎಂದರ್ಥ, ಮೂರನೇ ಲೈನ್‌ಬ್ಯಾಕರ್ ಓಡಿ ಬಂದರೆ ಇಲ್ಲ ಎಂದರ್ಥ. ಹಿಂದಿನ ಸೀಸನ್‌ನ ಒಂದೆರಡು ಪಂದ್ಯದ ವಿಡಿಯೊ ನೋಡಿ ಇದೊಂದನ್ನು ತಿಳಿದುಕೊಂಡರೂ ಸಂಜೆ ಸಾರ್ಥಕ.

ಕ್ವಾರ್ಟರ್‌ಬ್ಯಾಕ್ ಸ್ವತಃ ಓಡುವವನಾದರೆ ಲೆಕ್ಕವೇ ಬದಲಾಗುತ್ತದೆ. ಚೆಂಡು ಕೈಬದಲಿಸಿ ಸುಮ್ಮನೆ ನಿಲ್ಲುವ ಕ್ವಾರ್ಟರ್‌ಬ್ಯಾಕ್ ಎಂದರೆ ಡಿಫೆನ್ಸ್‌ಗೆ ಒಬ್ಬ ಹೆಚ್ಚುವರಿ ಸಿಕ್ಕಂತೆ. ಅವನೇ ಓಡಿದರೆ ಆ ಲಾಭ ಹೋಯಿತು. ಇಬ್ಬರು ಸೇಫ್ಟಿಗಳು ಆಳದಲ್ಲಿ ನಿಂತಿದ್ದರಂತೂ ಮುಂದೆ ಒಬ್ಬ ಕಡಿಮೆಯೇ. 2007ರ ಸೆಪ್ಟೆಂಬರ್ 1ರಂದು ಆನ್ ಆರ್ಬರ್‌ನಲ್ಲಿ, ಐದನೇ ರ‍್ಯಾಂಕಿನ ಮಿಷಿಗನ್ ತಂಡ ಕೆಳಗಿನ ವಿಭಾಗದ ಅಪಲಾಚಿಯನ್ ಸ್ಟೇಟ್ ಎದುರು 34-32ರಿಂದ ಸೋತದ್ದು ಇಂಥದೇ ಹರಡಿಕೊಂಡ ರಚನೆ ಮತ್ತು ಓಡಬಲ್ಲ ಕ್ವಾರ್ಟರ್‌ಬ್ಯಾಕ್ ಆರ್ಮಾಂಟಿ ಎಡ್ವರ್ಡ್ಸ್ ಎದುರು. ಅರ್ಧ ಪಂದ್ಯದ ಹೊತ್ತಿಗೆ ಮಿಷಿಗನ್ 28 ಅಂಕ ಬಿಟ್ಟುಕೊಟ್ಟಾಗಿತ್ತು. ಮುಂದಿನ ವಾರ ಆರೆಗನ್ ಕೂಡ ಹಾಗೆಯೇ ಹರಡಿಕೊಂಡು ಆಡಿ 39-7ರಿಂದ ಗೆದ್ದಿತು. ಒಂದು ವಾರದಲ್ಲಿ ಎಣಿಕೆಯ ಸಮಸ್ಯೆ ತೀರುವುದಿಲ್ಲ. ಅದನ್ನು ಸೀಸನ್‌ಗೆ ಮುಂಚಿನ ಅಭ್ಯಾಸದ ಕ್ಯಾಂಪ್‌ನಲ್ಲೇ ಬಿಡಿಸಿಕೊಂಡಿರಬೇಕು.

ಇನ್ನು ಆರ್‌ಪಿಒ. ಓಟವೋ ಪಾಸೋ ಎಂದು ಸ್ನ್ಯಾಪ್ ಆದ ಮೇಲೆ ಕ್ವಾರ್ಟರ್‌ಬ್ಯಾಕ್ ನಿರ್ಧರಿಸುವ ಆಟ ಇದು. ಪಾಸ್ ಎಸೆಯುವಾಗ ಅಫೆನ್ಸಿವ್ ಲೈನ್‌ಮನ್‌ಗಳು ಕಾಲೇಜಿನಲ್ಲಿ 3 ಗಜದವರೆಗೆ ಮುಂದೆ ಹೋಗಿರಬಹುದು, ಎನ್‌ಎಫ್‌ಎಲ್‌ನಲ್ಲಿ 1 ಗಜ. ಆ ಎರಡು ಗಜದಲ್ಲೇ ಎಲ್ಲ ಮೋಸವೂ ಅಡಗಿದೆ. ಲೈನ್‌ಮನ್ ತನ್ನ ಮೇಲೆ ಬರುತ್ತಿದ್ದಾನೆ, ಓಟವೇ ಎಂದುಕೊಂಡು ಲೈನ್‌ಬ್ಯಾಕರ್ ಮುಂದೆ ನುಗ್ಗುತ್ತಾನೆ, ಚೆಂಡು ಅವನ ಬೆನ್ನ ಹಿಂದೆ ಬೀಳುತ್ತದೆ. ಎದುರಾಳಿ ಈ ಆಟ ಹೆಚ್ಚು ಆಡುವ ತಂಡವಾದರೆ ವಿಲ್ ಮತ್ತು ನಿಕಲ್ ಹೆಸರಿನ ಪಕ್ಕ ಚುಕ್ಕೆ ಇಡಿ. ಹೆಚ್ಚಿನ ಸಲ ಕ್ವಾರ್ಟರ್‌ಬ್ಯಾಕ್ ಕಣ್ಣಿಟ್ಟಿರುವುದು ಅವರಲ್ಲಿ ಒಬ್ಬರ ಮೇಲೆ.

ಹೆಜ್ಜೆ 5: ಹಿಂದಿನ ಸಾಲು

ಸ್ನ್ಯಾಪ್‌ಗೆ ಮುಂಚೆ ಆಳದಲ್ಲಿ ಎಷ್ಟು ಸೇಫ್ಟಿಗಳಿದ್ದಾರೆ ಎಣಿಸಿ. ಒಬ್ಬನೇ ನಡುವೆ ಇದ್ದರೆ ಕವರ್ 1 ಅಥವಾ ಕವರ್ 3 ಎಂಬ ಕಾವಲು ಇರಬಹುದು. ಕವರ್ 1ರಲ್ಲಿ ಪ್ರತಿಯೊಬ್ಬನಿಗೂ ಒಬ್ಬ ರಿಸೀವರ್. ಎದುರಾಳಿಗಳು ಅಡ್ಡಡ್ಡ ಓಡಿ ಒಬ್ಬರ ದಾರಿಗೆ ಒಬ್ಬರು ಬಂದರೆ ಕಷ್ಟ, ಕ್ವಾರ್ಟರ್‌ಬ್ಯಾಕ್ ಓಡಿದರೆ ಇನ್ನೂ ಕಷ್ಟ, ಏಕೆಂದರೆ ಎಲ್ಲರ ಬೆನ್ನೂ ಅವನ ಕಡೆಗಿರುತ್ತದೆ. ಕವರ್ 3ರಲ್ಲಿ ಮೂವರು ಆಳ ಹಂಚಿಕೊಳ್ಳುತ್ತಾರೆ, ನಾಲ್ವರು ನೇರ ಆಳಕ್ಕೆ ಓಡಿದರೆ ಮೂವರಿಗೆ ಸಾಲದು. ಆಳದಲ್ಲಿ ಇಬ್ಬರಿದ್ದರೆ ಕವರ್ 2 (ಆಳ ಇಬ್ಬರ ಪಾಲು) ಅಥವಾ ಕ್ವಾರ್ಟರ್ಸ್ (ಆಳ ನಾಲ್ವರ ಪಾಲು). ಕವರ್ 2ರ ರಂಧ್ರ ಬದಿಗೆರೆಯ ಪಕ್ಕದಲ್ಲಿ, ಕಾರ್ನರ್‌ಗಿಂತ ಹಿಂದೆ, ಸೇಫ್ಟಿಗಿಂತ ಮುಂದೆ ಇರುತ್ತದೆ.

ಕ್ವಾರ್ಟರ್ಸ್ ಮೇಲೆ ಸ್ವಲ್ಪ ಹೊತ್ತು ಕಳೆಯಬೇಕು. ಕಾಲೇಜಿನಲ್ಲಿ ಇದನ್ನು ಬಹಳ ಆಡುತ್ತಾರೆ, ತಪ್ಪೂ ಇಲ್ಲೇ ಹೆಚ್ಚು ಕಾಣುತ್ತದೆ. ಬದಿಯಿಂದ ಎಣಿಸಿದಾಗ ಎರಡನೆಯ ರಿಸೀವರ್ ಮೇಲೆ ಸೇಫ್ಟಿಯ ಕಣ್ಣು. ಅವನು ಎಂಟು-ಹತ್ತು ಗಜ ದಾಟಿ ನೇರ ಬಂದರೆ ಸೇಫ್ಟಿಯ ಪಾಲು. ಮೊದಲೇ ಹೊರಕ್ಕೆ ತಿರುಗಿದರೆ ಅವನನ್ನು ನಿಕಲ್‌ಗೆ ಬಿಟ್ಟು ಸೇಫ್ಟಿ ಹೊರಗಿನ ರಿಸೀವರ್ ಮೇಲೆ ಕಾರ್ನರ್‌ಗೆ ನೆರವಾಗುತ್ತಾನೆ. ಅದೇ ಸೇಫ್ಟಿ ಓಟ ಕಂಡರೆ ಮುಂದಕ್ಕೂ ಬರಬೇಕು. ಪ್ಲೇ ಆ್ಯಕ್ಷನ್‌ಗೆ, ಅಂದರೆ ಓಟದ ನಟನೆಗೆ, ಅವನು ಎರಡು ಹೆಜ್ಜೆ ಮುಂದೆ ಬಂದರೆ ಎರಡನೆಯ ರಿಸೀವರ್ ಅವನನ್ನು ದಾಟಿ ಆಳಕ್ಕೆ ಹೋಗಿಬಿಡುತ್ತಾನೆ. ಟಿವಿಯಲ್ಲಿ ಬಯ್ಗುಳ ತಿನ್ನುವವನು ಆಮೇಲೆ ಬೆನ್ನಟ್ಟಿ ಓಡುವ ಕಾರ್ನರ್, ತಪ್ಪು ಮಾಡಿದವನು ಸೇಫ್ಟಿ.

ಕಬಡ್ಡಿ ನೋಡಿ ಬೆಳೆದವರಿಗೆ ಇದು ಹೊಸದೇನಲ್ಲ. ರೇಡರ್ ಒಂದು ಮೂಲೆಗೆ ಹೋದಾಗ ಕಾರ್ನರ್ ಕಾಲಿಗೆ ಕೈಹಾಕುತ್ತಾನೆ, ಕವರ್ ಬಂದು ದಾರಿ ಕಟ್ಟುತ್ತಾನೆ. ಕವರ್ ಆತುರಪಟ್ಟು ಅಡ್ವಾನ್ಸ್ ಟ್ಯಾಕಲ್‌ಗೆ ಹಾರಿದರೆ ಇಡೀ ಬದಿ ಬಯಲು. ಸೇಫ್ಟಿಯ ತಾಳ್ಮೆಯೂ ಅಂಥದೇ.

ತೋರಿಸುವುದೊಂದು, ಆಡುವುದೊಂದು ಎಂಬುದೂ ಇದೆ. ಇಬ್ಬರು ಸೇಫ್ಟಿ ತೋರಿಸಿ ಸ್ನ್ಯಾಪ್ ಆದ ಕ್ಷಣಕ್ಕೆ ಒಬ್ಬ ಕೆಳಗಿಳಿಯುತ್ತಾನೆ. ಐದಾರು ಮಂದಿ ನುಗ್ಗುವಂತೆ ನಿಂತು, ನುಗ್ಗುವುದು ನಾಲ್ವರೇ, ಅದರಲ್ಲೂ ಒಬ್ಬ ಹಿಂದಿನಿಂದ ಬರುತ್ತಾನೆ, ಲೈನ್‌ಮನ್ ಒಬ್ಬ ಹಿಂದಕ್ಕೆ ಸರಿಯುತ್ತಾನೆ. ಅನುಭವ ಕಡಿಮೆ ಇರುವ ಕ್ವಾರ್ಟರ್‌ಬ್ಯಾಕ್‌ನ ಮೇಲೆ ಇದು ಚೆನ್ನಾಗಿ ನಡೆಯುತ್ತದೆ. 2025ರ ಆಗಸ್ಟ್ 30ರಂದು ಕೊಲಂಬಸ್‌ನಲ್ಲಿ ಓಹಾಯೊ ಸ್ಟೇಟ್ ಮಾಡಿದ್ದು ನೆನಪಿಸಿಕೊಳ್ಳಿ. ಹಿಂದಿನ ಸೀಸನ್‌ನಲ್ಲಿ ಚಾಂಪಿಯನ್ ಆಗಿದ್ದ ತಂಡದ ಡಿಫೆನ್ಸಿವ್ ಲೈನ್‌ನ ನಾಲ್ವರೂ ಎನ್‌ಎಫ್‌ಎಲ್‌ಗೆ ಹೋಗಿದ್ದರು, ಡಿಫೆನ್ಸ್ ಕೋಆರ್ಡಿನೇಟರ್ (ಡಿಫೆನ್ಸ್ ನಡೆಸುವ ಕೋಚ್) ಮ್ಯಾಟ್ ಪೆಟ್ರೀಷಿಯಾ ಹೊಸಬರು. ಎದುರಿಗೆ ಮೊದಲ ರ‍್ಯಾಂಕಿನ ಟೆಕ್ಸಸ್, ಕ್ವಾರ್ಟರ್‌ಬ್ಯಾಕ್ ಆರ್ಚ್ ಮ್ಯಾನಿಂಗ್. ಓಹಾಯೊ ಸ್ಟೇಟ್ 14-7ರಿಂದ ಗೆದ್ದಿತು. ಟೆಕ್ಸಸ್‌ನ ಟಚ್‌ಡೌನ್ ಬಂದದ್ದು ಪಂದ್ಯ ಮುಗಿಯಲು ನಾಲ್ಕು ನಿಮಿಷವೂ ಉಳಿದಿರದಾಗ. ಲೈನ್ ಹೊಸದಾದರೂ ಹಿಂದೆ ಸೇಫ್ಟಿ ಕೇಲೆಬ್ ಡೌನ್ಸ್, ನಡುವೆ ಲೈನ್‌ಬ್ಯಾಕರ್ ಸನ್ನಿ ಸ್ಟೈಲ್ಸ್ ಹಳಬರೇ ಉಳಿದಿದ್ದರು. ಚಾರ್ಟ್ ಓದುವಾಗ ಎಷ್ಟು ಮಂದಿ ಹೋದರು ಎನ್ನುವುದಕ್ಕಿಂತ ಬೆನ್ನೆಲುಬಿನಲ್ಲಿ ಯಾರು ಉಳಿದರು ಎನ್ನುವುದನ್ನು ಮೊದಲು ನೋಡಿ.

ಹೆಜ್ಜೆ 6: ಮೊದಲ ಪಂದ್ಯದಲ್ಲೇ ಕೆಡುವ ಸಂಗತಿಗಳು

ಟ್ಯಾಕಲ್ ಮೊದಲನೆಯದು. ಗಾಯದ ಭಯಕ್ಕೆ ಕ್ಯಾಂಪ್‌ನಲ್ಲಿ ಹೆಚ್ಚಿನ ಅಭ್ಯಾಸ 'ಥಡ್' ಮಟ್ಟದಲ್ಲಿ ನಡೆಯುತ್ತದೆ: ಡಿಕ್ಕಿ ಹೊಡೆದು ಅಲ್ಲೇ ನಿಲ್ಲಿಸುವುದು, ನೆಲಕ್ಕೆ ಕೆಡವುವುದಿಲ್ಲ. ಪಂದ್ಯದಲ್ಲಿ ಅದೇ ಅಭ್ಯಾಸಬಲದಿಂದ ಡಿಕ್ಕಿ ಹೊಡೆದವನ ಕಾಲು ನಿಂತುಬಿಡುತ್ತದೆ, ತೋಳು ಸುತ್ತಿಕೊಳ್ಳುವುದಿಲ್ಲ, ಎದುರಾಳಿ ಜಾರಿಕೊಳ್ಳುತ್ತಾನೆ. ಹೊರಗಿನ ಕಾವಲಿಗೆ ನಿಂತವನು ಒಳಕ್ಕೆ ಇಣುಕುವುದು ಇನ್ನೊಂದು ತಪ್ಪು. ಅವನ ಹೊರತೋಳು ಖಾಲಿ ಇರಬೇಕು, ಚೆಂಡನ್ನು ಒಳಗೆ, ಉಳಿದವರ ಕಡೆಗೆ ತಳ್ಳಬೇಕು.

ಎರಡನೆಯದು ವೇಗ. ಪ್ಲೇ ಕ್ಲಾಕ್ 40 ಸೆಕೆಂಡ್. ಅಫೆನ್ಸ್ ಆಟಗಾರರನ್ನು ಬದಲಿಸಿದರೆ ಡಿಫೆನ್ಸ್‌ಗೂ ಬದಲಿಸಲು ಅವಕಾಶ ಕೊಡಲೇಬೇಕು. ಬದಲಿಸದೆ ಓಡಿಬಂದು ನಿಂತರೆ ಆ ಅವಕಾಶವಿಲ್ಲ, ದಣಿದ ಹನ್ನೊಂದು ಮಂದಿಯೇ ಸಿಕ್ಕಿಬೀಳುತ್ತಾರೆ. 2024ರಿಂದ ಎಫ್‌ಬಿಎಸ್ ಎಂಬ ಮೇಲಿನ ವಿಭಾಗದಲ್ಲಿ ಡಿಫೆನ್ಸ್‌ನ ಒಬ್ಬನ ಹೆಲ್ಮೆಟ್‌ನಲ್ಲಿ ರೇಡಿಯೊ ಇರಬಹುದು, ಅವನ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ. ಕ್ಲಾಕ್‌ನಲ್ಲಿ 15 ಸೆಕೆಂಡ್ ಉಳಿದಾಗ, ಇಲ್ಲವೇ ಅದಕ್ಕೂ ಮೊದಲು ಸ್ನ್ಯಾಪ್ ಆದರೆ ಆಗಲೇ, ಸಂಪರ್ಕ ಕಡಿದುಹೋಗುತ್ತದೆ. ಆಮೇಲೆ ಎದುರಾಳಿ ರಚನೆ ಬದಲಿಸಿದರೆ ಉಳಿಯುವುದು ಬಾಯಿಮಾತು ಮತ್ತು ಕೈಸನ್ನೆ. ಲಕ್ಷ ಜನ ಕೂಗುವ ಎದುರಾಳಿಯ ಊರಿನಲ್ಲಿ ಡಿಫೆನ್ಸ್‌ಗೆ ಅನುಕೂಲವೇ ಹೆಚ್ಚು: ಅವರ ಅಫೆನ್ಸ್ ಆಡುವಾಗ ಅಲ್ಲಿನ ಜನ ಸುಮ್ಮನಿರುತ್ತಾರೆ.

ಬಿಸಿಲು, ಸ್ನಾಯುಸೆಳೆತ ಇದ್ದದ್ದೇ. ಗಾಯದ ನೆಪ ಹೇಳಿ ಉಸಿರು ತೆಗೆದುಕೊಳ್ಳುವ ದಾರಿಯೂ 2025ರಲ್ಲಿ ಕಿರಿದಾಯಿತು. ಚೆಂಡನ್ನು ಜಾಗಕ್ಕಿಟ್ಟ ಮೇಲೆ ವೈದ್ಯಕೀಯ ಸಿಬ್ಬಂದಿ ಒಳಗೆ ಬಂದರೆ ಆ ತಂಡ ಒಂದು ಟೈಮ್‌ಔಟ್ ಕಳೆದುಕೊಳ್ಳುತ್ತದೆ. ಟಾರ್ಗೆಟಿಂಗ್, ಅಂದರೆ ತಲೆಗೆ ಅಥವಾ ಹೆಲ್ಮೆಟ್‌ನಿಂದ ಗುರಿಯಿಟ್ಟು ಹೊಡೆಯುವ, ಫೌಲ್ ಆಗಿ ವಿಡಿಯೊ ಪರಿಶೀಲನೆಯಲ್ಲೂ ಉಳಿದರೆ ಆಟಗಾರ ಹೊರಗೆ. ಸೇಫ್ಟಿಗಳು ಇದಕ್ಕೆ ಸಿಕ್ಕುವುದು ಹೆಚ್ಚು. ಅವರ ಬದಲಿ ಆಟಗಾರರ ಹೆಸರು ಹಾಳೆಯಲ್ಲಿ ಇರಲೇಬೇಕು.

ಹೆಜ್ಜೆ 7: ಪಂದ್ಯದ ದಿನ

ಸ್ಟೇಡಿಯಂನಲ್ಲಿ ಆಯ್ಕೆ ಇದ್ದರೆ ಎತ್ತರದ ಸೀಟು ಹಿಡಿಯಿರಿ. ಎಂಡ್ ಝೋನ್ (ಮೈದಾನದ ತುದಿ) ಹಿಂದಿನ ಎತ್ತರ ಇನ್ನೂ ಒಳ್ಳೆಯದು, ಅಲ್ಲಿಂದ ಸಂದುಗಳು ತೆರೆಯುವುದು ಕಾಣುತ್ತದೆ. ಟಿವಿಯಲ್ಲಿ ಸೇಫ್ಟಿಗಳು ಚೌಕಟ್ಟಿನ ಹೊರಗಿರುತ್ತಾರೆ, ಮರುಪ್ರದರ್ಶನಕ್ಕೆ ಕಾಯಬೇಕು.

ಸ್ನ್ಯಾಪ್‌ಗೆ ಮುಂಚಿನ ಮೂರು ಸೆಕೆಂಡಿನಲ್ಲಿ ಮೂರೇ ನೋಟ: ಸೇಫ್ಟಿಗಳು ಎಷ್ಟು, ಮುಂದೆ ಎಷ್ಟು ಮಂದಿ, ನಿಕಲ್ ಎಲ್ಲಿ. ಸ್ನ್ಯಾಪ್ ಆದ ಮೇಲೆ ಚೆಂಡು ಬಿಟ್ಟು ಗಾರ್ಡ್‌ನನ್ನು ನೋಡಿ. ಅವನ ಹೆಲ್ಮೆಟ್ ತಗ್ಗಿ ಮುಂದೆ ನುಗ್ಗಿದರೆ ಓಟ. ಎದ್ದು ಹಿಂದಕ್ಕೆ ಸರಿದರೆ ಪಾಸ್. ಪಕ್ಕಕ್ಕೆ ಓಡಿದರೆ ಓಟವೂ ಅದೇ ದಿಕ್ಕಿಗೆ ಎಂದು ನಂಬಬಹುದು, ಹತ್ತಕ್ಕೆ ಒಂದೆರಡು ಸಲ ಮೋಸ ಹೋದರೂ. ಲೈನ್‌ಬ್ಯಾಕರ್‌ಗಳು ಓದುವುದೂ ಇದನ್ನೇ. ಮೊದಲರ್ಧ ತಾಸು ಕಷ್ಟವಾಗುತ್ತದೆ, ಕಣ್ಣು ಚೆಂಡಿನ ಕಡೆಗೇ ಎಳೆಯುತ್ತದೆ. ಎಳೆದು ತನ್ನಿ.

ಮೊದಲ ಮೂರು ಸರದಿಗಳನ್ನಷ್ಟೇ (ಎದುರಾಳಿಗೆ ಚೆಂಡು ಸಿಕ್ಕಲ್ಲಿಂದ ಕೈಬಿಡುವವರೆಗೆ ಒಂದು ಸರದಿ) ಹಾಳೆಯಲ್ಲಿ ಬರೆಯಿರಿ: ಡೌನ್, ಉಳಿದ ಗಜ, ಅಫೆನ್ಸ್‌ನ ಎರಡಂಕಿ ಗುರುತು, ಸೇಫ್ಟಿ ಸಂಖ್ಯೆ, ನುಗ್ಗಿದವರು ಎಷ್ಟು, ಬಂದ ಗಜ. ಹದಿನೈದರಿಂದ ಇಪ್ಪತ್ತು ಸಾಲು ಆಗುತ್ತದೆ. ಅಫೆನ್ಸ್‌ಗಳು ಮೊದಲ ಹದಿನೈದು ಆಟಗಳನ್ನು ಮುಂಚೆಯೇ ಬರೆದಿಟ್ಟುಕೊಂಡು ಬರುವುದು ರೂಢಿ, ಹಾಗಾಗಿ ಆರಂಭದಲ್ಲಿ ಡಿಫೆನ್ಸ್ ತುಸು ತತ್ತರಿಸಿದರೆ ಗಾಬರಿ ಬೇಡ. ನಾಲ್ಕನೆಯ ಸರದಿಯಲ್ಲಿ ಏನು ಬದಲಾಯಿತು ಎಂಬುದೇ ಕೋಚ್‌ನ ಕೆಲಸದ ಅಳತೆ. ಮೂರನೇ ಡೌನ್‌ಗೆ 7 ಗಜಕ್ಕಿಂತ ಹೆಚ್ಚು ಉಳಿದಾಗ ನುಗ್ಗಿದವರ ಸಂಖ್ಯೆಯನ್ನು ಬೇರೆಯಾಗಿ ಗುರುತಿಸಿ, ಕೋಆರ್ಡಿನೇಟರ್‌ನ ಸ್ವಭಾವ ಅಲ್ಲಿ ಬೇಗ ಗೊತ್ತಾಗುತ್ತದೆ.

ಎರಡನೇ ಅರ್ಧದಲ್ಲಿ ಬರೆಯುವುದು ನಿಲ್ಲಿಸಿ, ಗುಂಡು ಸುತ್ತಿದ ಹೆಸರುಗಳನ್ನು ಮಾತ್ರ ನೋಡಿ. ಸ್ನ್ಯಾಪ್‌ಗೆ ಮುಂಚೆ ಇಬ್ಬರು ಡಿಫೆನ್ಸಿವ್ ಬ್ಯಾಕ್‌ಗಳು ಒಬ್ಬರಿಗೊಬ್ಬರು ಕೈ ಚೆಲ್ಲಿ ತೋರಿಸುತ್ತಿದ್ದರೆ ಕರೆ ತಲುಪಿಲ್ಲ, ಮುಂದಿನ ಆಟ ಆ ಕಡೆಗೇ ಬರುತ್ತದೆ ನೋಡುತ್ತಿರಿ. ಮರುವಾರ ಹೊಸ ಡೆಪ್ತ್ ಚಾರ್ಟ್ ಬಂದಾಗ ಹಳೆಯ ಹಾಳೆಯ ಪಕ್ಕದಲ್ಲಿಟ್ಟು, ಯಾವ ಯಾವ 'ಅಥವಾ' ಅಳಿಸಿಹೋಗಿದೆ, ಹೊಸದಾಗಿ ಎಲ್ಲಿ ಬಂದಿದೆ ಎಂದು ಗುರುತು ಹಾಕಿಕೊಳ್ಳಿ.